ಕೈ ಚಾಚಬಹುದು, ಕುಡುಗೋಲು ಹಾಕಬಾರದು

ಓದಿಕೊಳ್ಳಿ: ಧರ್ಮೋಪದೇಶಕಾಂಡ 23:24-25, ಯಾಜಕಕಾಂಡ 25:23, ಮತ್ತಾಯ 12:1-8



ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದ ಆರಂಭ ನಮಗೆಲ್ಲ ಗೊತ್ತಿರುವ ಪ್ರಸಂಗ. ಅದು ಸಬ್ಬತ್ ದಿನ. ಯೇಸುಸ್ವಾಮಿ ಶಿಷ್ಯರೊಂದಿಗೆ ಪೈರಿನ ಹೊಲಗಳನ್ನು ಹಾದು ಹೋಗುತ್ತಿದ್ದಾರೆ. ಶಿಷ್ಯರಿಗೆ ಹಸಿವಾಗಿದೆ. ತೆನೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಂಗೈಯಲ್ಲಿ ಉಜ್ಜಿಕೊಂಡು ತಿಂದರು ಎಂದು ಸಂತ ಲೂಕ ಬರೆಯುತ್ತಾರೆ. ಕೂಡಲೇ ಫರಿಸಾಯರು ತಕರಾರು ತೆಗೆಯುತ್ತಾರೆ: ಸಬ್ಬತ್ ದಿನ ಮಾಡಬಾರದ ಕೆಲಸವನ್ನು ನಿಮ್ಮವರು ಮಾಡುತ್ತಿದ್ದಾರಲ್ಲ ಎಂದು.

ಈ ವಾಚನವನ್ನು ಪೂಜೆಯಲ್ಲಿ ಕೇಳಿದಾಗಲೆಲ್ಲ ನಮ್ಮ ಗಮನ ಸಬ್ಬತ್ತಿನ ಕಡೆಗೇ ಹೋಗುತ್ತದೆ. ಈ ಸಲ ಫರಿಸಾಯರು ಕೇಳದೆ ಬಿಟ್ಟ ಪ್ರಶ್ನೆಯ ಕಡೆ ನೋಡೋಣ. ತಪ್ಪು ಹುಡುಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೂ ಅವರಲ್ಲಿ ಒಬ್ಬನಾದರೂ, "ಇದು ಯಾರ ಹೊಲ? ಯಾರನ್ನು ಕೇಳಿ ತೆನೆ ಕಿತ್ತಿರಿ?" ಎನ್ನಲಿಲ್ಲ. ಕಳ್ಳತನದ ಆರೋಪ ಬರಲೇ ಇಲ್ಲ. ಏಕೆ?

ಉತ್ತರ ಧರ್ಮೋಪದೇಶಕಾಂಡದಲ್ಲಿದೆ. ನೆರೆಯವನ ದ್ರಾಕ್ಷಿತೋಟಕ್ಕೆ ಹೋದರೆ ಹೊಟ್ಟೆ ತುಂಬ ಹಣ್ಣು ತಿನ್ನಬಹುದು, ಬುಟ್ಟಿಗೆ ತುಂಬಿಕೊಳ್ಳಬಾರದು. ನೆರೆಯವನ ಪೈರಿನಲ್ಲಿ ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಹಾಕಬಾರದು. ಮೋಶೆಯ ಕಾಲದಿಂದ ಬಂದ ನಿಯಮ ಇಷ್ಟೇ. ಹೊಲ ಯಜಮಾನನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹಸಿದು ಹಾದುಹೋಗುವವನಿಗೂ ಆ ಹೊಲದಲ್ಲಿ ಒಂದು ಹಕ್ಕಿದೆ. ಆ ಹಕ್ಕಿಗೆ ಕಾಗದವಿಲ್ಲ, ಸಾಕ್ಷಿಯ ಸಹಿ ಇಲ್ಲ. ಆದರೂ ಅದು ಹಕ್ಕೇ. ಮತ್ತು ಆ ಹಕ್ಕಿಗೊಂದು ಎಲ್ಲೆ ಇದೆ.

ನಮಗೆ ಇದು ಹೊಸ ಮಾತಲ್ಲ. ಚಳಿಗಾಲದಲ್ಲಿ ನಾರಾಯಣಪೇಟೆಯಿಂದ ಮಖ್ತಲ್ ಕಡೆಗೆ, ಕೃಷ್ಣಾ ಕಡೆಗೆ ನಡೆದು ಹೋಗುವವನು ದಾರಿಬದಿಯ ಹೊಲದಲ್ಲಿ ಎರಡು ಹಸಿ ಕಡಲೆ ಗಿಡ ಕಿತ್ತು ಸುಲಿದು ತಿಂದರೆ ಯಾರೂ ಬೈಯುವುದಿಲ್ಲ. ಸೀತನಿ ಕಾಲದಲ್ಲಿ ಹೊಲದವರೇ ಕರೆದು ತೆನೆ ಸುಟ್ಟು ಕೊಡುತ್ತಾರೆ. ಅದೇ ಮನುಷ್ಯ ಚೀಲ ಹಿಡಿದು ಬಂದರೆ ಊರೇ ಎದ್ದು ನಿಲ್ಲುತ್ತದೆ. ಕೈ ಬೇರೆ, ಚೀಲ ಬೇರೆ ಎಂಬುದು ನಮ್ಮ ಅಜ್ಜ ಅಜ್ಜಿಯರಿಗೆ ಯಾರೂ ಓದಿ ಹೇಳದೆಯೇ ಗೊತ್ತಿತ್ತು.

ಆದರೆ ನಮಗೆ, ಓದಿದವರಿಗೆ, ಅದು ಮರೆತುಹೋಗಿದೆ. ಬೇರೆ ಯಾರನ್ನೋ ದೂರುವ ಮುಂಚೆ ನನ್ನ ಮನೆಯ ಮಾತನ್ನೇ ಹೇಳುತ್ತೇನೆ.

ಐದೂವರೆ ಗುಂಟೆ

ಕೆಲವು ವರ್ಷಗಳ ಹಿಂದೆ ಅಪ್ಪ ಮತ್ತು ಚಿಕ್ಕಪ್ಪ ಸೇರಿ ರಸ್ತೆಗೆ ಹೊಂದಿದ ಒಂದು ಹೊಲ ಕೊಂಡರು. ಅದರ ಹಿಂದೆ ಒಬ್ಬ ವಯಸ್ಸಾದ ತೆಲುಗು ತಾಯಿಯ ಎರಡು ಎಕರೆ ಇದೆ. ಅವರು ವಿಧವೆ, ಸೊಸೆಯ ಜೊತೆ ಸೇರಿ ಬೇಸಾಯ ಮಾಡುತ್ತಾರೆ. ಒಂದು ಕಾಲಕ್ಕೆ ಎರಡೂ ಹೊಲ ಒಬ್ಬನೇ ಯಜಮಾನನವು. ಆತ ಹಿಂದಿನ ಭಾಗವನ್ನು ಮೊದಲು ಅವರ ಮನೆಯವರಿಗೆ ಮಾರಿದ್ದ, ಮುಂದಿನ ಭಾಗವನ್ನು ಬಹಳ ವರ್ಷಗಳ ಮೇಲೆ ನಮಗೆ ಮಾರಿದ. ಹಿಂದಿನ ಹೊಲಕ್ಕೆ ಹೋಗುವ ಬಂಡಿ ದಾರಿ ನಮ್ಮ ಹೊಲದೊಳಗಿಂದಲೇ ಹೋಗುತ್ತಿತ್ತು. ನಮ್ಮ ಖರೀದಿ ಪತ್ರದಲ್ಲಿ ಆ ದಾರಿಯ ಮಾತೇ ಇರಲಿಲ್ಲ.

ಆಗ ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಮೊಬೈಲಿನಲ್ಲಿ ಹೊಲ ಅಳೆದೆ. ದಾರಿಯ ಉದ್ದ 600 ಅಡಿ, ಅಗಲ 10 ಅಡಿ. ಅಂದರೆ 6,000 ಚದರ ಅಡಿ, ಐದೂವರೆ ಗುಂಟೆ. ಪಾಸ್‌ಬುಕ್ ತೋರಿಸಿ ಅಪ್ಪನಿಗೆ ಹೇಳಿದೆ: "ಈ ಐದೂವರೆ ಗುಂಟೆ ಕೂಡ ನಮ್ಮ ಹೆಸರಲ್ಲೇ ಐತಿ. ದಾರಿ ಅಂತ ಎಲ್ಲೂ ಬರೆದಿಲ್ಲ." ಆ ಮುಂಗಾರಿನಲ್ಲಿ ದಾರಿಯನ್ನು ಉತ್ತು ಹತ್ತಿ ಹಾಕಿದೆವು.

ಆ ತಾಯಿ ಜಗಳಕ್ಕೆ ಬರಲಿಲ್ಲ. ತೊಗರಿ ಕೊಯ್ಲಿನ ಹೊತ್ತಿಗೆ ಅವರ ಹೊಲಕ್ಕೆ ಬಂಡಿ ಬರಲಿಲ್ಲ, ಟ್ರ್ಯಾಕ್ಟರ್ ಬರಲಿಲ್ಲ. ಅತ್ತೆ ಸೊಸೆ ಇಬ್ಬರೂ ತೊಗರಿ ಹೊರೆಗಳನ್ನು ತಲೆಯ ಮೇಲೆ ಹೊತ್ತು, ಬದುವಿನ ಮೇಲೆ ಸುತ್ತಿ ಬಳಸಿ ರಸ್ತೆಗೆ ತಂದರು. ಎಷ್ಟು ಸಲ ಓಡಾಡಿದರೋ ನಾನು ಎಣಿಸಲಿಲ್ಲ. ನಮ್ಮ ಐದೂವರೆ ಗುಂಟೆಯಲ್ಲಿ ಬಂದದ್ದು ಹೆಚ್ಚೆಂದರೆ ಒಂದು ಕ್ವಿಂಟಲ್ ಹತ್ತಿ.

ತಪಸ್ಸುಕಾಲ ಬಂತು. ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಐದನೆಯ ಸ್ಥಳ ಓದುವ ಸರದಿ ನನ್ನದು. ಸಿರೇನ್ಯದ ಸಿಮೋನ ಯೇಸುಸ್ವಾಮಿಯ ಶಿಲುಬೆಗೆ ಹೆಗಲು ಕೊಡುವ ಸ್ಥಳ ಅದು. ಸಿಮೋನ ಆಗ ಹಳ್ಳಿಗಾಡಿನಿಂದ ಬರುತ್ತಿದ್ದ ಎಂದು ಶುಭಸಂದೇಶ ಹೇಳುತ್ತದೆ. ಹಳ್ಳಿಯ ದಾರಿಯಿಂದ ಬಂದವನ ಹೆಗಲಿಗೆ ಇನ್ನೊಬ್ಬರ ಭಾರ. ಓದುತ್ತಾ ಓದುತ್ತಾ ಬದುವಿನ ಮೇಲೆ ಹೊರೆ ಹೊತ್ತು ನಡೆದ ಆ ಇಬ್ಬರು ಕಣ್ಣಮುಂದೆ ಬಂದರು. ಸಿಮೋನ ಭಾರವನ್ನು ಇಳಿಸಿದ. ನಾನು ಲೆಕ್ಕ ಹಾಕಿ ಭಾರವನ್ನು ಹೊರಿಸಿದ್ದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಸಿಟ್ಟಾದರು. "ಅಳೆದವನು ನೀನೇ ಅಲ್ಲೇನು?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಯುಗಾದಿಗೆ ಮುಂಚೆ ದಾರಿ ಬಿಟ್ಟೆವು. ಹೋಗಿ ಆ ತಾಯಿಗೆ ತಿಳಿಸಿದೆ. ಅವರು ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತೆಲುಗಿನಲ್ಲಿ ಒಂದೇ ಮಾತು ಕೇಳಿದರು: "ಬಿಡ್ಡಾ, ಇದನ್ನು ಕಾಗದದ ಮೇಲೆ ಬರೆದು ಕೊಡುತ್ತೀರೇನು?"

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ನಾನು ದಯೆ ತೋರಿಸಲು ಹೋಗಿದ್ದೆ. ಅವರು ಕೇಳಿದ್ದು ನ್ಯಾಯ. ನಾನು ಇವತ್ತು ಬಿಟ್ಟ ದಾರಿಯನ್ನು ನಾಳೆ ನನ್ನ ತಮ್ಮ ಮುಚ್ಚಬಹುದು. ಅನುಮತಿ ಕೊಟ್ಟವನು ಅದನ್ನು ಹಿಂದಕ್ಕೆ ಪಡೆಯಬಲ್ಲ. ಹಕ್ಕನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ಆ ವಯಸ್ಸಾದ ತಾಯಿಗೆ ಈ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಿತ್ತು.

ಬರೆಯದಿದ್ದರೂ ಉಳಿಯುವ ಹಕ್ಕು

ದೇಶದ ಕಾನೂನು ಕೂಡ ಇದನ್ನು ಬಲ್ಲದು. 1882ರಲ್ಲಿ ಬಂದ ಈಸ್ಮೆಂಟ್ ಕಾಯ್ದೆ ಇಂಥ ಹಕ್ಕುಗಳ ಬಗ್ಗೆಯೇ ಇರುವ ಕಾಯ್ದೆ. ತನ್ನ ಹೊಲವನ್ನು ಅನುಭವಿಸಲು ಬೇರೊಬ್ಬರ ಹೊಲದ ಮೇಲೆ ಒಬ್ಬನಿಗಿರುವ ಹಕ್ಕು, ಅದು ದಾರಿಯಾಗಿರಬಹುದು, ನೀರು ಹರಿಯುವ ಕಾಲುವೆಯಾಗಿರಬಹುದು. ಆ ಕಾಯ್ದೆಯ ಎರಡು ಮಾತುಗಳನ್ನು ರೈತರಾದ ನಾವೆಲ್ಲ ತಿಳಿದಿರಬೇಕು.

ಮೊದಲನೆಯದು, ಒಬ್ಬನ ಜಮೀನು ಮಾರಾಟದಿಂದಲೋ ಅಣ್ಣತಮ್ಮಂದಿರ ಪಾಲಿನಿಂದಲೋ ಎರಡಾದಾಗ, ಒಂದು ತುಂಡಿಗೆ ಇನ್ನೊಂದರೊಳಗಿಂದಲ್ಲದೆ ದಾರಿಯೇ ಇಲ್ಲವಾದರೆ, ಆ ದಾರಿ ಪತ್ರದಲ್ಲಿ ಬರೆಯದಿದ್ದರೂ ಜಮೀನಿನ ಜೊತೆಗೇ ಹೋಗುತ್ತದೆ. ಒಳಗಿನ ಹೊಲ ಮಾರಿದವನು ಅದಕ್ಕೆ ಹೋಗುವ ದಾರಿಯನ್ನೂ ಮಾರಿದ್ದಾನೆ ಎಂದೇ ಅರ್ಥ. ಎರಡನೆಯದು, ಒಂದು ದಾರಿಯನ್ನು 20 ವರ್ಷ ಬಿಡದೆ, ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕೆಂದು ಬಳಸುತ್ತಾ ಬಂದಿದ್ದರೆ ಆ ಬಳಕೆಯೇ ಹಕ್ಕಾಗುತ್ತದೆ.

ಅದೇ ಕಾಯ್ದೆ ಕುಡುಗೋಲಿನ ಎಲ್ಲೆಯನ್ನೂ ಹೇಳುತ್ತದೆ. ಬೇರೆ ದಾರಿಯಿಲ್ಲ ಎಂಬ ಕಾರಣಕ್ಕೆ ಹುಟ್ಟಿದ ಹಕ್ಕು, ಆ ಅಗತ್ಯ ತೀರಿದಾಗ ತೀರುತ್ತದೆ. ಹಕ್ಕುಳ್ಳವನು ತನ್ನ ಕಡೆಯಿಂದ ಭಾರವನ್ನು ಹೆಚ್ಚಿಸುವಂತಿಲ್ಲ. ಅಂಥ ದಾರಿ ಯಾವ ಕಡೆಯಿಂದ ಎಂಬುದನ್ನು ಗುರುತಿಸುವ ಮೊದಲ ಮಾತು ದಾರಿ ಕೊಡುವವನದು. ಆದರೆ ಅದು ನಡೆಯುವವನಿಗೆ ಅನುಕೂಲವಾಗುವಂತಿರಬೇಕು.

ಒಂದು ಹೊಲಕ್ಕೆ ಹಕ್ಕು, ಇನ್ನೊಂದು ಹೊಲಕ್ಕೆ ಹೊರೆ. ಒಬ್ಬರ ಭಾರವನ್ನು ಒಬ್ಬರು ಹೊರಿರಿ, ಕ್ರಿಸ್ತನ ನಿಯಮ ನೆರವೇರುವುದು ಹಾಗೆ ಎಂದು ಸಂತ ಪೌಲರು ಗಲಾತ್ಯದವರಿಗೆ ಬರೆದರು. ನಮ್ಮ ಹೊಲ ಹೊರುವ ಆ ಭಾರ, 10 ಅಡಿ ಅಗಲದ ದಾರಿ, ನಮಗೆ ನಷ್ಟದಂತೆ ಕಾಣುತ್ತದೆ. ಆದರೆ ನಮ್ಮ ಹೊಲಕ್ಕೂ ಯಾವುದೋ ಇನ್ನೊಂದು ಹೊಲ ಭಾರ ಹೊತ್ತಿರುತ್ತದೆ. ಮಳೆಗಾಲದಲ್ಲಿ ನಮ್ಮ ನೀರು ಕೆಳಗಿನವನ ಬದುವಿಗೆ ಹರಿದು ಹೋಗುತ್ತದೆ. ನಮ್ಮ ಬೋರಿನ ಪೈಪು ಇನ್ನೊಬ್ಬನ ನೆಲದಡಿಯಲ್ಲಿ ಬಂದಿರುತ್ತದೆ. ನಾಲ್ಕೂ ಕಡೆ ಮುಚ್ಚಿಕೊಂಡು ಯಾರಿಗೂ ಏನೂ ಬಾಕಿಯಿಲ್ಲದೆ ಬದುಕುವ ಹೊಲ ಈ ಸೀಮೆಯಲ್ಲಿ ಒಂದೂ ಇಲ್ಲ.

ನಾವೆಲ್ಲ ಒಕ್ಕಲುಗಳೇ

ದಾರಿಯ ಮಾತಾಯಿತು. ಇನ್ನು ಹೊಲದಲ್ಲಿ ದುಡಿಯುವವನ ಮಾತು.

ಯಾಜಕಕಾಂಡದಲ್ಲಿ ಸರ್ವೇಶ್ವರ ಇಸ್ರಾಯೇಲರಿಗೆ ಹೇಳುವ ಮಾತು ನಮ್ಮಲ್ಲಿ ಪಟ್ಟಾ ಇರುವವರೆಲ್ಲ ಮನೆಯ ಗೋಡೆಗೆ ಬರೆದು ಹಾಕಿಕೊಳ್ಳಬೇಕಾದ ಮಾತು. ಭೂಮಿ ದೇವರದು, ನಾವು ಆತನ ಬಳಿ ಇರುವ ಪರದೇಶಿಗಳು, ಒಕ್ಕಲುಗಳು. ಆದ್ದರಿಂದ ಭೂಮಿಯನ್ನು ಶಾಶ್ವತವಾಗಿ ಮಾರಿಬಿಡುವಂತಿಲ್ಲ. ಅಂದರೆ ದೇವರ ಪಹಣಿಯಲ್ಲಿ ಪಟ್ಟಾದಾರ ಒಬ್ಬನೇ. ಉಳಿದ ನಾವೆಲ್ಲರೂ ಕೌಲು ರೈತರು. ಕೌಲಿನವನೊಬ್ಬ ಇನ್ನೊಬ್ಬ ಕೌಲಿನವನನ್ನು ಕೀಳಾಗಿ ನೋಡಿದರೆ ಯಜಮಾನ ಏನನ್ನಬೇಕು?

ಈ ನಾಡಿನ ಹಿರಿಯರಿಗೆ ಇದು ಚರಿತ್ರೆಯೂ ಹೌದು. 1950ರಲ್ಲಿ ಹೈದರಾಬಾದ್ ರಾಜ್ಯ ಗೇಣಿ ಮತ್ತು ಕೃಷಿ ಜಮೀನುಗಳ ಕಾಯ್ದೆಯನ್ನು ತಂದಿತು. ಆಗ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು, ಮಖ್ತಲ್ ಮತ್ತು ನಾರಾಯಣಪೇಟೆ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಎಲ್ಲಕ್ಕೂ ಒಂದೇ ಕಾಯ್ದೆ. ನಿಗದಿತ ಅವಧಿಯಲ್ಲಿ ಕನಿಷ್ಠ 6 ವರ್ಷ ಬಿಡದೆ ಜಮೀನು ಉಳುತ್ತಾ ಬಂದವನನ್ನು ಅದು ರಕ್ಷಿತ ಗೇಣಿದಾರ ಎಂದು ಗುರುತಿಸಿತು. ಯಜಮಾನ ಇಷ್ಟ ಬಂದಾಗ ಅವನನ್ನು ಎಬ್ಬಿಸುವಂತಿರಲಿಲ್ಲ. ಬೆವರು ಸುರಿಸಿದ ವರ್ಷಗಳಿಗೂ ಒಂದು ಹಕ್ಕಿದೆ ಎಂದು ಆ ಕಾಯ್ದೆ ಒಪ್ಪಿಕೊಂಡಿತು.

ಈಚಿನ ವರ್ಷಗಳಲ್ಲಿ ಗಾಳಿ ಬೇರೆ ಕಡೆ ಬೀಸಿತು. 2018ರಲ್ಲಿ ರೈತಬಂಧು ಶುರುವಾದಾಗ ಒಂದು ಬೆಳೆಗೆ ಎಕರೆಗೆ 4,000 ರೂಪಾಯಿ ಬಂತು, ಮರುವರ್ಷ ಅದು 5,000 ಆಯಿತು. ಹಣ ಹೋದದ್ದು ಪಟ್ಟಾ ಯಾರ ಹೆಸರಲ್ಲಿದೆಯೋ ಅವರಿಗೆ. ಬಿತ್ತಿದವನು, ಗೊಬ್ಬರಕ್ಕೆ ಸಾಲ ಮಾಡಿದವನು, ರಾತ್ರಿ ಮೋಟಾರಿಗೆ ಕಾದವನು ಕೌಲು ರೈತನಾಗಿದ್ದರೆ ಅವನಿಗೆ ಏನೂ ಬರಲಿಲ್ಲ. 2020ರ ಅಕ್ಟೋಬರಿನಲ್ಲಿ ಧರಣಿ ಬಂದಾಗ ಅದರಲ್ಲಿ ಸಾಗುವಳಿ ಮಾಡುವವನ ಕಾಲಂ ಇರಲಿಲ್ಲ. ಹಳೆಯ ಪಹಣಿಯಲ್ಲಿ ಅನುಭವದಾರ ಎಂದು ಒಂದು ಸಾಲಾದರೂ ಇರುತ್ತಿತ್ತು. ಆ ಸಾಲು ಹೋದಾಗ ಎಷ್ಟೋ ಮನೆಗಳ ಹೆಸರು ಕಾಗದದಿಂದ ಅಳಿಸಿಹೋಯಿತು. 2025ರ ಏಪ್ರಿಲ್ 14ರಂದು ಧರಣಿಯ ಬದಲು ಭೂಭಾರತಿ ಬಂತು. ಅದನ್ನು ಮೊದಲು ಪ್ರಯೋಗಕ್ಕೆ ಇಟ್ಟ ನಾಲ್ಕು ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು.

ಕಾನೂನು ಬರುತ್ತದೆ, ಹೋಗುತ್ತದೆ. ಪೋರ್ಟಲಿನಲ್ಲಿ ಕಾಲಂ ಇಲ್ಲವೆಂದು ದೇವರ ಪುಸ್ತಕದಲ್ಲೂ ಆ ಹೆಸರು ಇಲ್ಲವೇ? ಕಷ್ಟಪಟ್ಟು ದುಡಿಯುವ ರೈತನಿಗೆ ಬೆಳೆಯ ಮೊದಲ ಪಾಲು ಸಲ್ಲಬೇಕು ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದಿದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತ ತನ್ನ ದಸ್ತಾವೇಜಿನ 69ನೇ ಪರಿಚ್ಛೇದದಲ್ಲಿ, ಭೂಮಿಯನ್ನೂ ಅದರಲ್ಲಿರುವುದನ್ನೂ ದೇವರು ಎಲ್ಲರ ಬಳಕೆಗಾಗಿ ಕೊಟ್ಟಿದ್ದಾರೆ ಎಂದು ಬೋಧಿಸುತ್ತದೆ. 71ನೇ ಪರಿಚ್ಛೇದದಲ್ಲಿ, ದೊಡ್ಡ ಜಮೀನುಗಳಲ್ಲಿ ಬೇರೆಯವರಿಗಾಗಿ ದುಡಿಯುವವರ ಮತ್ತು ಗೇಣಿಗೆ ಮಾಡುವವರ ದುಃಸ್ಥಿತಿಯನ್ನು ನೇರವಾಗಿ ಹೆಸರಿಸುತ್ತದೆ. ಬಡವನಿಗೆ ನೀನು ಕೊಡುವುದು ನಿನ್ನದಲ್ಲ, ಅವನದನ್ನೇ ಅವನಿಗೆ ಹಿಂತಿರುಗಿಸುತ್ತಿದ್ದೀ ಎಂಬ ಅರ್ಥದ ಮಾತನ್ನು ನಾಲ್ಕನೇ ಶತಮಾನದ ಸಂತ ಅಂಬ್ರೋಸರು ಹೇಳಿದ್ದರು. ಜಗದ್ಗುರು ಸಂತ ಆರನೇ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ ಅದನ್ನು ಮತ್ತೆ ನೆನಪಿಸಿದರು.

ನಮ್ಮ ಧರ್ಮಕೇಂದ್ರದಲ್ಲಿ ಎರಡೂ ಕಡೆಯವರು ಇದ್ದಾರೆ. ಸ್ವಲ್ಪ ಜಮೀನು ಇದ್ದು, ಹೈದರಾಬಾದಿಗೋ ಬೆಂಗಳೂರಿಗೋ ದುಡಿಯಲು ಹೋಗಿ, ಹೊಲವನ್ನು ಕೌಲಿಗೆ ಕೊಟ್ಟವರಿದ್ದಾರೆ. ಬೇರೆಯವರ ಹೊಲ ಕೌಲಿಗೆ ಹಿಡಿದವರಿದ್ದಾರೆ. ಕೊಟ್ಟವರನ್ನು ಕೇಳುತ್ತೇನೆ: ಸರ್ಕಾರದ ಸಹಾಯಧನ ಬಂದಾಗ ಬೆಳೆ ಬೆಳೆದವನ ನೆನಪಾಯಿತೇ? ಬೆಳೆ ನಷ್ಟವಾದ ವರ್ಷ ಕೌಲು ಬಿಟ್ಟುಕೊಟ್ಟೆವೇ, ಅಥವಾ ಕಡಿಮೆಯಾದರೂ ಮಾಡಿದೆವೇ? ಹತ್ತು ವರ್ಷ ಕಲ್ಲು ಆಯ್ದು ಹೊಲ ಹಸನು ಮಾಡಿದವನನ್ನು, ಇನ್ನೊಬ್ಬ ಎಕರೆಗೆ ಎರಡು ಸಾವಿರ ಹೆಚ್ಚು ಕೊಡುತ್ತೇನೆಂದ ಕೂಡಲೇ ಎಬ್ಬಿಸಿದೆವೇ? ಒಂದು ಚೂರು ಕಾಗದ ಬರೆದುಕೊಡಿ ಎಂದರೆ, ನಾಳೆ ಹೊಲವೇ ಅವನದಾಗುತ್ತದೆ ಎಂದು ಹೆದರಿದೆವೇ? ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಅದೇ ಹೆದರಿಕೆ ಇದೆ. ಆದರೆ ನಮ್ಮ ಹೆದರಿಕೆಯ ಬೆಲೆಯನ್ನು ಬಡವನು ಕಟ್ಟಬೇಕೇ?

ಮೇಲಿನ ಹೊಲ, ಕೆಳಗಿನ ಹೊಲ

ನೀರಿನ ವಿಷಯಕ್ಕೆ ಬರೋಣ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನ ಕಥೆ ಇದೆ. ಅಬ್ರಹಾಮ ತೋಡಿಸಿದ್ದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದರು. ಇಸಾಕ ಅವನ್ನು ಮತ್ತೆ ತೋಡಿಸಿದ. ಹೊಸ ಬಾವಿಯಲ್ಲಿ ನೀರು ಬಂದರೆ ಗೆರಾರಿನ ಕುರುಬರು, ಈ ನೀರು ನಮ್ಮದು ಎಂದರು. ಆತ ಎರಡು ಬಾವಿ ಬಿಟ್ಟುಕೊಟ್ಟ. ಮೂರನೆಯದಕ್ಕೆ ಜಗಳ ಬರಲಿಲ್ಲ. ಎಲ್ಲರಿಗೂ ಸ್ಥಳವಿದೆ ಎಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟ. ಕೊನೆಗೆ ಗೆರಾರಿನ ಅರಸನೇ ಬಂದು ಕೂತು, ಊಟ ಮಾಡಿ, ಪ್ರಮಾಣ ಮಾಡಿ ಒಪ್ಪಂದ ಮಾಡಿಕೊಂಡು ಸಮಾಧಾನದಿಂದ ಹೋದ. ಇಸಾಕನ ತಾಳ್ಮೆಯೂ ಒಂದು ಪ್ರಮಾಣದ ಮಾತಿನಲ್ಲಿಯೇ ನೆಲೆ ಕಂಡಿತು ಎಂಬುದನ್ನು ಗಮನಿಸಿ.

ನಮ್ಮ ಕಡೆ ಇದೇ ಕಥೆ ದೊಡ್ಡ ಅಳತೆಯಲ್ಲಿ ನಡೆಯುತ್ತಿದೆ. ರಾಜೋಳಿಬಂಡದ ಕಾಲುವೆ, ನಾವು ಆರ್.ಡಿ.ಎಸ್. ಎನ್ನುವುದು, ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಗೆ ಕಟ್ಟಿದ ಆಣೆಕಟ್ಟಿನಿಂದ ಹೊರಡುತ್ತದೆ. ಅದರ ಕೆಲಸ ಶುರುವಾದಾಗ ಗದ್ವಾಲ, ಆಲಂಪುರ ತಾಲ್ಲೂಕುಗಳೂ ರಾಯಚೂರು ಜಿಲ್ಲೆಯವೇ. ಒಂದೇ ಮನೆಯ ಹೊಲದಲ್ಲಿ ಒಂದು ಕಾಲುವೆ ಇದ್ದಂತೆ. 1956ರ ನವೆಂಬರ್ 1ರಂದು ಪಾಲಾಯಿತು. ಕಾಲುವೆಯ ತಲೆ ಕರ್ನಾಟಕದಲ್ಲಿ ಉಳಿಯಿತು, ಬಾಲ ಈ ಕಡೆ ಬಂತು. ಮೊದಲ 40ಕ್ಕೂ ಹೆಚ್ಚು ಕಿಲೋಮೀಟರು ಅದು ಕರ್ನಾಟಕದ ನೆಲದಲ್ಲೇ ಹರಿಯುತ್ತದೆ. ಆದರೆ ಅದು ನೀರುಣಿಸಬೇಕಾದ ಭೂಮಿಯ ಬಹುಪಾಲು, 87,500 ಎಕರೆ, ಈಚೆ ಕಡೆಯದು. ಬಚಾವತ್ ನ್ಯಾಯಮಂಡಳಿ ಈ ಯೋಜನೆಗೆ ಕೊಟ್ಟ 17.1 ಟಿ.ಎಂ.ಸಿ. ನೀರಿನಲ್ಲಿ 15.9 ಈಚೆಗೆ, 1.2 ಕರ್ನಾಟಕಕ್ಕೆ. ಹಾಗಿದ್ದರೂ ಕಾಲುವೆಯ ತುದಿಯ ರೈತ ದಶಕಗಳಿಂದ ಪೂರ್ತಿ ಪಾಲಿಗಾಗಿ ಕಾಯುತ್ತಲೇ ಇದ್ದಾನೆ.

ಒಂದು ಹೊಲ ಎರಡಾದಾಗ ದಾರಿಯೂ ನೀರೂ ಜೊತೆಗೇ ಹೋಗುತ್ತವೆ ಎಂದು ಆಗಲೇ ಹೇಳಿದೆ. ರಾಜ್ಯಗಳು ಎರಡಾದಾಗಲೂ ನ್ಯಾಯ ಅದೇ. ಆ ಕಡೆ ನಮ್ಮ ಭಾಷೆಯವರೇ ಇದ್ದಾರೆ, ಬಂಧುಗಳೂ ಇದ್ದಾರೆ. ಅವರಿಗೂ ಬಡತನವಿದೆ, ಒಣಗುವ ಬೆಳೆಯಿದೆ. ಈ ವಿಷಯವನ್ನು ಸರ್ಕಾರಗಳು ತೀರ್ಮಾನಿಸಬೇಕು. ನಮ್ಮ ಕೈಯಲ್ಲಿರುವುದು ಚಿಕ್ಕದು. ಮೇಲಿನವರು ನೀರು ಬಿಡಲಿಲ್ಲ ಎಂದು ದೂರುವ ನಾವು, ನಮ್ಮ ತೂಬಿನಿಂದ ಕೆಳಗಿನ ಹೊಲಕ್ಕೆ ಎಷ್ಟು ಬಿಡುತ್ತೇವೆ? ಸರದಿ ಮುಗಿದ ಮೇಲೂ ರಾತ್ರಿ ಕಾಲುವೆಗೆ ಮೋಟಾರು ಇಳಿಸುವವರು ನಮ್ಮಲ್ಲಿ ಇಲ್ಲವೇ? ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡು ಬಂದು ಚಿಕ್ಕ ಸಾಲಗಾರನ ಕುತ್ತಿಗೆ ಹಿಡಿದ ಸೇವಕನ ಸಾಮತಿಯನ್ನು ಯೇಸುಸ್ವಾಮಿ ಇಂಥ ನಮಗಾಗಿಯೇ ಹೇಳಿದ್ದು.

ಬುಟ್ಟಿ ಹಿಡಿದು ಬರುವವರಿಗೂ ಒಂದು ಮಾತು

ಹಕ್ಕು ಪಡೆದವರಿಗೂ ದೇವರ ವಾಕ್ಯ ಎಲ್ಲೆ ಹಾಕಿದೆ. ಬಂಡಿಗೆ ಬಿಟ್ಟ ದಾರಿಯಲ್ಲಿ ಪ್ರತಿ ವರ್ಷ ಒಂದೊಂದು ಅಡಿ ಒಳಗೆ ಸರಿಯುವುದು ಕುಡುಗೋಲು ಹಾಕಿದಂತೆ. ದಾರಿಗೆಂದು ಬಿಟ್ಟ ಜಾಗದಲ್ಲಿ ದನ ಕಟ್ಟುವುದು, ಕಟ್ಟಿಗೆ ಒಟ್ಟುವುದು, ಆಮೇಲೆ ಗುಡಿಸಲು ಹಾಕುವುದು ಬುಟ್ಟಿ ತುಂಬಿಕೊಂಡಂತೆ. ಕೌಲಿಗೆ ಹಿಡಿದ ಹೊಲದ ಮರ ಕಡಿದು ಮಾರುವುದು, ಮಾತು ಕೊಟ್ಟ ಪಾಲನ್ನು ಮುಚ್ಚಿಡುವುದು ಕೂಡ ಹಾಗೆಯೇ. ನೆರೆಯವನ ಗಡಿಕಲ್ಲು ಸರಿಸುವವನನ್ನು ಧರ್ಮೋಪದೇಶಕಾಂಡ ಶಪಿಸುತ್ತದೆ. ಆ ಶಾಪ ಕಲ್ಲನ್ನು ಯಾವ ಕಡೆಯಿಂದ ಸರಿಸಿದರು ಎಂದು ನೋಡುವುದಿಲ್ಲ.

ದಾರಿಯಲ್ಲಿರುವಾಗಲೇ

ಪರ್ವತಪ್ರಸಂಗದಲ್ಲಿ ಯೇಸುಸ್ವಾಮಿ ಎರಡು ಮಾತನ್ನು ಜೊತೆಜೊತೆಗೆ ಹೇಳುತ್ತಾರೆ. ಕಾಣಿಕೆ ಅರ್ಪಿಸುವ ಹೊತ್ತಿಗೆ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಂಧಾನ ಮಾಡಿಕೋ. ನ್ಯಾಯಾಲಯಕ್ಕೆ ಹೋಗುವ ಎದುರಾಳಿಯೊಂದಿಗೆ ದಾರಿಯಲ್ಲಿರುವಾಗಲೇ ರಾಜಿಯಾಗು. ಹೊಲದ ದಾರಿಯ ಜಗಳಕ್ಕೆ ಇದಕ್ಕಿಂತ ತಕ್ಕ ಬುದ್ಧಿವಾದ ಬೇಕೇ? ದಾರಿಯ ವ್ಯಾಜ್ಯ ಕೋರ್ಟಿಗೆ ಹೋದರೆ ಎಷ್ಟು ಕಾಲ ಹಿಡಿಯುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಗೆದ್ದವನೂ ಸೋತವನಂತೆ ಮನೆಗೆ ಬರುತ್ತಾನೆ.

ಆದ್ದರಿಂದ ರೋಹಿಣಿ ಮಳೆ ಬೀಳುವ ಮುಂಚೆ ನಾವು ಮಾಡಬಹುದಾದದ್ದನ್ನು ಹೇಳುತ್ತೇನೆ. ಪಕ್ಕದ ಹೊಲದವರನ್ನು ಕರೆದುಕೊಂಡು ಒಂದು ದಿನ ಬೆಳಿಗ್ಗೆ ಬದುವಿನ ಮೇಲೆ ಒಟ್ಟಿಗೆ ನಡೆಯೋಣ. ದಾರಿ ಎಲ್ಲಿ, ಅಗಲ ಎಷ್ಟು, ನೀರು ಯಾವ ಕಡೆ ಎಂದು ಕಣ್ಣಾರೆ ನೋಡಿ ಒಪ್ಪಿಕೊಳ್ಳೋಣ. ಒಪ್ಪಿದ್ದನ್ನು ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಬರೆಯೋಣ, ಊರಿನ ಇಬ್ಬರ ಸಾಕ್ಷಿ ಹಾಕಿಸೋಣ. ಅದು ಮುಂದಿನ ಪೀಳಿಗೆಗೂ ನಿಲ್ಲಬೇಕಾದರೆ ವಕೀಲರನ್ನು ಕೇಳಿ ನೋಂದಣಿ ಮಾಡಿಸೋಣ. ಹೊಲ ಮಾರುವಾಗ, ಪಾಲು ಮಾಡುವಾಗ, ಹಿಂದಿನ ತುಂಡಿಗೆ ದಾರಿ ಯಾವುದು ಎಂದು ಪತ್ರದಲ್ಲೇ ಬರೆಸೋಣ. ಹಳೆಯ ಕನ್ನಡ ಶಾಸನಗಳಲ್ಲಿ ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು ಎಣಿಸಿ ಬರೆಯುತ್ತಿದ್ದರು. ನಾವು 10 ಅಡಿಯ ದಾರಿಯನ್ನಾದರೂ ಬರೆಯಬಾರದೇ? ಕೌಲಿನ ಮಾತನ್ನೂ ಬರೆಯೋಣ: ಎಷ್ಟು ವರ್ಷ, ಎಷ್ಟು ಕೌಲು, ಬೆಳೆ ಕೆಟ್ಟರೆ ಏನು, ಸಹಾಯಧನ ಬಂದರೆ ಯಾರಿಗೆಷ್ಟು. ಅಳೆಯಲು, ಬರೆಯಲು ನಮ್ಮ ಯುವಕ ಯುವತಿಯರು ಬರುತ್ತಾರೆ. ಅಳತೆ ಮಾಡಿ ತಪ್ಪು ಮಾಡಿದ ನಾನು ಅದೇ ಅಳತೆಯಿಂದ ಸರಿ ಮಾಡಲು ಮೊದಲು ಬರುತ್ತೇನೆ.

ಇನ್ನೊಂದು ಮಾತು ನಮ್ಮ ಬಗ್ಗೆಯೇ. ಈ ಧರ್ಮಕ್ಷೇತ್ರದಲ್ಲಿ ತೆಲುಗು, ಕನ್ನಡ ಮತ್ತು ಇನ್ನೂ ಬೇರೆ ಭಾಷೆಗಳಲ್ಲಿ ಪ್ರಾರ್ಥಿಸುವವರಿದ್ದಾರೆ. ಕನ್ನಡದಲ್ಲಿ ಹಾಡುವ, ಜಪಸರ ಹೇಳುವ, ಬಲಿಪೂಜೆ ಕೇಳುವ ನಮ್ಮ ಹೊತ್ತು ಕೂಡ ಒಂದು ರೀತಿಯಲ್ಲಿ ದೊಡ್ಡ ಹೊಲದೊಳಗಿನ ಬಂಡಿ ದಾರಿಯೇ. ಅದನ್ನು ಯಾರೂ ಪತ್ರದಲ್ಲಿ ಬರೆದುಕೊಟ್ಟಿಲ್ಲ. ಹಿರಿಯರು ನಡೆದು ನಡೆದು ಅದು ದಾರಿಯಾಯಿತು. ಈ ದಾರಿ ಮುಚ್ಚಬಾರದು ಎಂದು ಬಯಸುವ ನಾವು, ಇನ್ನೊಬ್ಬರ ದಾರಿಯನ್ನು ಮುಚ್ಚುವುದು ಹೇಗೆ?

ಮೇ 15 ರೈತರ ಪಾಲಕ ಸಂತ ಇಸಿದೋರರ ಹಬ್ಬ. ಸ್ಪೇನಿನ ಮದ್ರಿದ್ ಪಟ್ಟಣದ ಹತ್ತಿರ ಅವರು ಇನ್ನೊಬ್ಬರ ಹೊಲದಲ್ಲಿ ದುಡಿದ ಆಳು. 1622ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಇನ್ನೊಬ್ಬರ ಹೊಲವನ್ನು ಉತ್ತವನನ್ನು ಧರ್ಮಸಭೆ ಎಲ್ಲ ರೈತರ ಪಾಲಕನನ್ನಾಗಿ ಮಾಡಿತು.

ನಮ್ಮ ಮನೆಯ ಕಾಗದ ಇನ್ನೂ ಪೂರ್ತಿಯಾಗಿಲ್ಲ. ಬರೆದಾಗಿದೆ. ಅಪ್ಪ ಸಹಿ ಹಾಕಿದ್ದಾರೆ. ಚಿಕ್ಕಪ್ಪನ ಸಹಿ ಬಾಕಿ ಇದೆ. ಅವರು ಒಪ್ಪುತ್ತಿಲ್ಲ. ಐದೂವರೆ ಗುಂಟೆಗೆ ಇವತ್ತಿನ ದರ ಗೊತ್ತೇನು ಎಂದು ಕೇಳುತ್ತಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ, ಆ ಲೆಕ್ಕ ಕಲಿಸಿದವನು ನಾನೇ. ನಮ್ಮ ಮನೆಗಾಗಿ ಪ್ರಾರ್ಥಿಸಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಸಹಿ ಬಾಕಿ ಇದ್ದರೆ ಅದಕ್ಕಾಗಿ ನಾವೂ ಪ್ರಾರ್ಥಿಸುತ್ತೇವೆ.

ಪ್ರಾರ್ಥಿಸೋಣ: ಭೂಮಿಯ ಒಡೆಯರಾದ ಸ್ವಾಮಿ ದೇವರೇ, ನಿಮ್ಮ ಹೊಲದಲ್ಲಿ ನಮಗೆ ಸ್ಥಳ ಕೊಟ್ಟಿರುವಿರಿ. ನಾವು ನಮ್ಮದೆಂದುಕೊಂಡ ನೆಲದ ಮೇಲೆ ನಮ್ಮ ನೆರೆಯವರು ನಿರ್ಭಯವಾಗಿ ನಡೆಯಲಿ. ಬಿತ್ತಿದವರು ಕೊಯ್ಯಲಿ, ಕೆಳಗಿನ ಹೊಲಕ್ಕೂ ನೀರು ಮುಟ್ಟಲಿ. ಕೈ ಚಾಚುವವರನ್ನು ತಡೆಯದ ಮನಸ್ಸನ್ನೂ, ಕುಡುಗೋಲು ಹಾಕದ ಸಂಯಮವನ್ನೂ ನಮಗೆ ದಯಪಾಲಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.

ಈ ವಾರ ಮನೆಯಲ್ಲಿ ಕೂತು ಮಾತಾಡಲು:
1. ನಮ್ಮ ಹೊಲ ಅಥವಾ ಮನೆ ಯಾರ ಭಾರವನ್ನು ಹೊತ್ತಿದೆ? ನಮ್ಮ ಭಾರವನ್ನು ಯಾರು ಹೊತ್ತಿದ್ದಾರೆ?
2. ಹಕ್ಕಾಗಿ ಕೊಡಬೇಕಾದದ್ದನ್ನು ಉಪಕಾರವೆಂದು ಯಾರಿಗಾದರೂ ಕೊಡುತ್ತಿದ್ದೇವೆಯೇ?
3. ಮಳೆಗೆ ಮುಂಚೆ ನಾವು ಯಾರ ಜೊತೆ ಬದುವಿನ ಮೇಲೆ ನಡೆಯಬೇಕು?